ಹಗ್ಗ ಕೇಳಿದವರಿಗೆ ಬಣ್ಣ

ಈಚೆಗೆ ಒಂದು ಬೆಳಿಗ್ಗೆ ಕಂಪನಿಯಿಂದ ಫೋನು ಬಂತು. ಮಾತಾಡಿದವಳು ಪ್ರಚಾರ ವಿಭಾಗದ ಹುಡುಗಿ. ಬಹಳ ಮರ್ಯಾದೆಯಿಂದಲೇ ಮಾತಾಡಿದಳು. ಮೇಡಂ ತೀರಿಕೊಂಡ ವಿಷಯ ನನಗೂ ಗೊತ್ತಿರಬೇಕು, ಅವರ ನೆನಪಿಗೆ ಕಂಪನಿ ಒಂದು ಒಳ್ಳೆಯ ಕೆಲಸ ಇಟ್ಟುಕೊಂಡಿದೆ, ಅದಕ್ಕೆ ಅವರದೊಂದು ಫೋಟೋ ಬೇಕು ಎಂದಳು.

"ನಗ್ತಿರೋದು ಇದ್ರೆ ಕಳ್ಸಿ ಸರ್. ಜೊತೇಲಿ ಫಲಾನುಭವಿಗಳು ಇದ್ರೆ ಇನ್ನೂ ಒಳ್ಳೇದು."

ನಾನು ಗುಬ್ಬಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವನು. ಮದುವೆ, ನಾಮಕರಣ, ಅರ್ಜಿಗೆ ಅಂಟಿಸುವ ಸಣ್ಣ ಫೋಟೋ ಎಲ್ಲ ತೆಗೆಯುತ್ತೇನೆ. ಅದರ ಜೊತೆಗೆ ತುಮಕೂರಿನ ಈ ಕಂಪನಿ ವೃದ್ಧಾಶ್ರಮ, ಅಂಧರ ಮನೆ, ಅಂಗವಿಕಲರ ಸಂಘ ಅಂತ ಎಲ್ಲೆಲ್ಲಿ ಏನೇನು ಕೊಡುತ್ತದೋ ಅಲ್ಲೆಲ್ಲ ಕ್ಯಾಮೆರಾ ಹಿಡಿದು ಹೋಗುವವನೂ ನಾನೇ. ಕಂಪನಿಯ ಸಮಾಜಸೇವೆ ನೋಡಿಕೊಳ್ಳುತ್ತಿದ್ದ ಈ ಮೇಡಂ ಜೊತೆ ವರ್ಷಗಟ್ಟಲೆ ತಿರುಗಿದ್ದೇನೆ. ಅವರು ನಗುತ್ತಿರುವ ಒಂದೇ ಒಂದು ಫೋಟೋವೂ ನನ್ನಲ್ಲಿಲ್ಲ. ಕ್ಯಾಮೆರಾ ಎತ್ತಿದರೆ ಅವರು ಪಕ್ಕಕ್ಕೆ ಸರಿದುಬಿಡುತ್ತಿದ್ದರು. ಸರಿಯದೆ ನಿಂತದ್ದು ಒಂದು ಸಲ, ಅವತ್ತು ಅವರ ಮುಖ ನೋಡಿದ್ದರೆ ಎಂಥವರೂ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು.

ಅದೇನಮ್ಮ ಒಳ್ಳೆಯ ಕೆಲಸ ಎಂದು ಕೇಳಿದೆ. ನಿಟ್ಟೂರಿನ ಅಂಧ ಮಹಿಳೆಯರ ಮನೆಗೆ ಮೇಡಂ ಹೆಸರಿನಲ್ಲಿ ಹೊಸ ಬಣ್ಣ ಹೊಡೆಸುತ್ತಿದ್ದಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ತಡೆದುಕೊಂಡು, ಗೋಡೆಯ ಮೇಲಿನ ಹಗ್ಗ ಏನು ಮಾಡ್ತೀರಿ ಎಂದೆ.

"ಯಾವ ಹಗ್ಗ ಸರ್?" ಎಂದಳು.

ನಾನು ಫೋನು ಇಟ್ಟುಬಿಟ್ಟೆ. ಆ ಹುಡುಗಿಯ ತಪ್ಪೇನೂ ಇಲ್ಲ, ಅವಳು ಹೊಸಬಳು. ಆದರೆ ಆ ಹಗ್ಗ ಯಾವುದೆಂದು ಆ ಕಂಪನಿಯಲ್ಲಿ ಒಬ್ಬರೂ ಅವಳಿಗೆ ಹೇಳಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ. ಅದೇ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೇಡಂ ಇದ್ದಿದ್ದರೆ, ಸಿಟ್ಟಿದ್ದಾಗಲೇ ಬರೀರಿ, ಆರಿದ ಮೇಲೆ ಬರೆದರೆ ಶ್ರದ್ಧಾಂಜಲಿ ಆಗುತ್ತೆ ಎನ್ನುತ್ತಿದ್ದರು.

ಅವರು ಮೊದಲು ಇದ್ದದ್ದು ಖರೀದಿ ವಿಭಾಗದಲ್ಲಿ. ಕಾರ್ಖಾನೆಯಲ್ಲಿ ಒಂದು ಬೋಲ್ಟು ಕೊಳ್ಳಬೇಕಾದರೂ ಯಂತ್ರದ ಮುಂದೆ ನಿಂತವನು ಕೇಳಬೇಕು. ಹಾಗೆ ಕೇಳುವುದಕ್ಕೆ ಅಲ್ಲಿ ಇಂಡೆಂಟ್ ಎನ್ನುತ್ತಾರೆ. ಇಂಡೆಂಟ್ ಇಲ್ಲದೆ ಗೇಟಿನೊಳಗೆ ಏನೂ ಬರುವಂತಿಲ್ಲ. ಒಮ್ಮೆ ದೊಡ್ಡ ಸಾಹೇಬರೊಬ್ಬರ ನೆಂಟರ ಅಂಗಡಿಯಿಂದ ಒಂದು ಲಾರಿ ಸಾಮಾನು ಬಂತಂತೆ. ಯಾರು ಕೇಳಿದ್ರು ಇದನ್ನ ಎಂದು ಇವರು ವಿಚಾರಿಸಿದರು. ಯಾರೂ ಕೇಳಿರಲಿಲ್ಲ. ಲಾರಿಯನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸಿದರು. ಅದಾಗಿ ಸ್ವಲ್ಪ ದಿನಕ್ಕೆ ಅವರನ್ನು ಖರೀದಿಯಿಂದ ಎತ್ತಿ ಸಿಎಸ್‌ಆರ್‌ಗೆ ಹಾಕಿದರು. ಲಾಭದಲ್ಲಿ ಒಂದು ಪಾಲು ಸಮಾಜಕ್ಕೆ ಖರ್ಚು ಮಾಡಬೇಕೆಂದು ಕಾನೂನಿದೆಯಲ್ಲ, ಆ ವಿಭಾಗ. ಹಣ್ಣು ಹಂಚಿಕೊಂಡು, ಬ್ಯಾನರ್ ಕಟ್ಟಿಸಿಕೊಂಡು ಬಿದ್ದಿರಲಿ ಎಂದು ಮೇಲಿನವರ ಲೆಕ್ಕಾಚಾರ. ಆದರೆ ಅದು ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಯಾಕೆಂದರೆ ಖರೀದಿಯ ಕಾನೂನನ್ನು ಅವರು ದಾನಕ್ಕೂ ತಂದರು. ಯಾವ ಸಾಮಾನು ಕಂಡರೂ ಅದೇ ಮಾತು, ಯಾರು ಕೇಳಿದ್ರು ಇದನ್ನ? ಹೆಬ್ಬೂರಿನಲ್ಲಿ ಕತ್ತು ನಿಲ್ಲದ, ಮಾತು ಬಾರದ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಒಂದು ಕೇಂದ್ರವಿತ್ತು. ಸುತ್ತಲ ಹಳ್ಳಿಗಳಿಂದ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದರು. ಆ ಮಕ್ಕಳಿಗೆ ಕಂಪನಿ ಏನು ಕಳಿಸಿತ್ತು ಗೊತ್ತೆ? ಸ್ಕೂಲ್ ಬ್ಯಾಗು. ಕೂರಲಾಗದ ಮಗುವಿನ ಬೆನ್ನಿಗೆ ಬ್ಯಾಗು ಹಾಕಿ, ಹಿಂದಿನಿಂದ ತಾಯಿ ಹಿಡಿದುಕೊಂಡು ಕಾಣಿಸದ ಹಾಗೆ ಬಗ್ಗಬೇಕು, ನಾನು ಫೋಟೋ ತೆಗೆಯಬೇಕು ಎಂದು ಒಬ್ಬ ಅಧಿಕಾರಿ ನನಗೇ ವಿವರಿಸಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮವರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು. ಮೇಡಂ ಬಂದ ಮೇಲೆ ಬ್ಯಾಗು ನಿಂತಿತು. ಅವರು ಆ ತಾಯಂದಿರ ಪಕ್ಕದಲ್ಲಿ ನೆಲದ ಮೇಲೆ ಕೂತು ಏನು ಬೇಕು ಎಂದು ಕೇಳಿದರು. ಮಕ್ಕಳಿಗೆ ಗಂಜಿ ಕೊಡ್ತಾರೆ, ಬೆಳಿಗ್ಗೆ ಬಿಟ್ಟ ಮನೆ ಸೇರೋದು ಸಂಜೆಗೆ, ನಮಗೂ ಒಂದು ತುತ್ತು ಸಿಕ್ಕರೆ ಆಗ್ತಿತ್ತು ಎಂದಳು ಒಬ್ಬಳು, ಅದೂ ನಾಚಿಕೊಂಡು. ಆಫೀಸಿನಲ್ಲಿ ತಾಯಂದಿರು ನಮ್ಮ ಯೋಜನೆಯಲ್ಲಿ ಬರುವುದಿಲ್ಲ ಎಂದರು. ಮಗೂನ ಹೊತ್ಕೊಂಡು ಬರೋಳು ಉಣ್ಣಬಾರದು ಅಂತ ಎಲ್ಲಿ ಬರೆದಿದೆ ತೋರಿಸಿ ಎಂದು ಇವರು ಮೇಜಿನ ಮುಂದೆ ನಿಂತರು. ಊಟ ಬಂತು.

ಫಲಾನುಭವಿ ಎಂಬ ಮಾತು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಫಲ ನಿಮಗೆ, ಅನುಭವ ಅವರಿಗೆ ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಕುಣಿಗಲ್‌ನಲ್ಲಿ, ನಡೆಯಲಾಗದವರಿಗೆ ಮೂರು ಗಾಲಿ ಸೈಕಲ್ಲು ಕೊಡುವ ಕಾರ್ಯಕ್ರಮದಲ್ಲಿ. ಬೆಳಿಗ್ಗೆಯೇ ಬರಬೇಕೆಂದು ಎಲ್ಲರಿಗೂ ಹೇಳಿದ್ದರು. ಮಾರ್ಕೋನಹಳ್ಳಿ ಕಡೆಯಿಂದ ಒಬ್ಬ ಮೊದಲ ಬಸ್ಸಿಗೆ ಬಂದು, ಬಸ್ ಸ್ಟ್ಯಾಂಡಿನಿಂದ ಅಂಗೈಗೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ತೆವಳುತ್ತಾ ಮೈದಾನಕ್ಕೆ ಬಂದಿದ್ದ. ಅತಿಥಿಗಳು ಬೆಂಗಳೂರು ಬಿಟ್ಟೇ ಇರಲಿಲ್ಲ. ಶಾಮಿಯಾನ ಇದ್ದದ್ದು ವೇದಿಕೆಗೆ ಮಾತ್ರ. ರಿಬ್ಬನ್ನು ಸುತ್ತಿದ ಸೈಕಲ್ಲುಗಳು ಒಂದು ಕಡೆ, ಬಿಸಿಲಲ್ಲಿ ಕೂತವರು ಇನ್ನೊಂದು ಕಡೆ. ನಡುವೆ ಹೂಕುಂಡ ಜೋಡಿಸುತ್ತಿದ್ದರು. ಇದು ನಮ್ಮಲ್ಲಿ ಪದ್ಧತಿ. ಕೊಡುವವರು ತಡವಾಗಿ ಬರಬೇಕು, ತೆಗೆದುಕೊಳ್ಳುವವರು ಮೊದಲೇ ಬಂದು ಬೇಯಬೇಕು.

ಮೇಡಂ ಬಂದರು. ಸಣ್ಣ ಆಳು, ನೂಲಿನ ಸೀರೆ, ಹೆಗಲಿಗೊಂದು ದೊಡ್ಡ ಚೀಲ. ಬಿಸಿಲಲ್ಲಿ ಕೂತವರನ್ನು ನೋಡಿದರು, ಸೈಕಲ್ಲು ನೋಡಿದರು.

"ಇವ್ರೂ ಬಂದವ್ರೆ, ಸೈಕಲ್ಲೂ ಬಂದವೆ. ಇನ್ಯಾರಿಗ್ರೀ ಕಾಯೋದು?"

ಬೀಗದ ಕೈಯಿಂದಲೇ ರಿಬ್ಬನ್ನು ಹರಿದು ಒಬ್ಬೊಬ್ಬರನ್ನೇ ಕೂರಿಸಿ ಕಳಿಸಿಬಿಟ್ಟರು. ಅತಿಥಿಗಳು ಬಂದಾಗ ವೇದಿಕೆ ಇತ್ತು, ಹಾರ ಇತ್ತು, ಬಾಗಿಲಷ್ಟು ದೊಡ್ಡ ಬ್ಯಾನರ್ ಇತ್ತು. ಮೈದಾನದಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಕಂಪನಿಯ ಮ್ಯಾನೇಜರು ಬೆವೆತುಹೋದರು. ಮಾರ್ಕೋನಹಳ್ಳಿಯವನಿಗೆ ಫೋನು ಮಾಡಿ, ಫೋಟೋಗೆ ಒಂದು ನಿಮಿಷ ವಾಪಸ್ ಬಾ ಎಂದರು. ಅವನು ಆಗಲೇ ರಸ್ತೆಯಲ್ಲಿದ್ದ. "ಇಳಿಜಾರು ಸಿಕ್ಕೈತೆ ಸಾ, ನಿಲ್ಸಕಾಗಕಿಲ್ಲ" ಎಂದನಂತೆ. ಅವತ್ತು ನಾನು ಖಾಲಿ ಮೈದಾನದ ಫೋಟೋ ತೆಗೆದು ಮನೆಗೆ ಬಂದೆ. ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಹೀಗೆ ಹೇಳಿದರೆ ಅವರು ಕಂಪನಿಯ ಮೇಲೆ ಮಾತ್ರ ಹರಿಹಾಯುತ್ತಿದ್ದರು ಅನ್ನಿಸಬಹುದು. ಸೇವಾಸಂಸ್ಥೆಯವರಿಗೂ ಅವರನ್ನು ಕಂಡರೆ ನಡುಕವೇ. ಯಾವ ಆಶ್ರಮಕ್ಕೆ ಹೋದರೂ ಅವರು ಮುಂಬಾಗಿಲಿನಿಂದ ಹೋಗುತ್ತಿರಲಿಲ್ಲ. ಮುಂದಿನ ಬಾಗ್ಲಲ್ಲಿ ಎಲ್ರೂ ರಂಗೋಲಿ ಹಾಕ್ತಾರೆ ಕಣ್ರೀ, ಹಿತ್ಲಿಗೆ ಬನ್ನಿ ಎಂದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಮೊದಲು ಬಚ್ಚಲು, ಆಮೇಲೆ ಅಡುಗೆಮನೆ, ಕೊನೆಗೆ ಆಫೀಸು. ಬಚ್ಚಲನ್ನು ನೋಡುವುದಷ್ಟೇ ಅಲ್ಲ, ಬಳಸಿಯೇ ಬರುತ್ತಿದ್ದರು. ಅಲ್ಲಿ ನೀರಿಲ್ಲದಿದ್ದರೆ, ಚಿಲಕ ಇಲ್ಲದಿದ್ದರೆ ಆಫೀಸಿನವರ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ತುಮಕೂರಿನ ಒಂದು ವೃದ್ಧಾಶ್ರಮದಲ್ಲಿ ಹೀಗೇ ಹಿತ್ತಲಿಂದ ಹೋದಾಗ ಮುದುಕರು ಹರಿದ ಚಾಪೆಯ ಮೇಲೆ ಮಲಗಿದ್ದರು. ಕಂಪನಿ ಕೊಟ್ಟ ಬೆಡ್‌ಶೀಟುಗಳು ಸ್ಟೋರ್ ರೂಮಿನಲ್ಲಿ ಬೀಗದೊಳಗಿದ್ದವು. ದಾನಿಗಳು ಬರುವ ದಿನ ಹಾಸುವುದು, ಅವರ ಕಾರು ಗೇಟು ದಾಟಿದ ಮೇಲೆ ಮಡಿಸಿ ಇಡುವುದು. "ಹೊಸದಾಗೇ ಇರಲಿ ಅಂತ ಮೇಡಂ" ಎಂದರು ಅಲ್ಲಿನ ವ್ಯವಸ್ಥಾಪಕರು. ಮೇಡಂ ಬೀಗ ತೆಗೆಸಿದರು. ಅಡುಗೆಮನೆಯಿಂದ ಒಂದು ಬಟ್ಟಲಲ್ಲಿ ಅರಿಶಿನ ಕಲಸಿ ತರಿಸಿ, ಒಂದೊಂದು ಬೆಡ್‌ಶೀಟಿನ ಮೂಲೆಗೂ ಕೈ ಅದ್ದಿ ಒತ್ತಿದರು. ಅರಿಶಿನದ ಕಲೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಇನ್ನು ಹೊಸದು ಅಂತ ಮಡಿಸಿಡುವ ಹಾಗಿಲ್ಲ, ಹಾಸಿ ಎಂದರು. ಮಲಗಿದ್ದ ಒಬ್ಬ ತಾತ ಎದ್ದು ಕೂತು, "ನಂದಕ್ಕೆ ಎರಡು ಕಡೆ ಒತ್ತವ್ವ, ಈ ವಯ್ಯನ್ನ ನಂಬಕಾಗಲ್ಲ" ಎಂದ.

ಅವರಲ್ಲಿ ಕೆಟ್ಟದ್ದೂ ಇತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಯಾರ ಮೇಲೆ ಬೀಳಬೇಕೋ ಅವರ ಮೇಲೆಯೇ ಬೀಳುತ್ತಿತ್ತು ಎಂದು ಹೇಳಲಾರೆ. ಅದೇ ಆಶ್ರಮದ ಅಡುಗೆಯವಳನ್ನು ಸಾರು ನೀರಾಗಿದೆ ಎಂದು ಅಳುವಂತೆ ಬೈದಿದ್ದರು. ಬೇಳೆಯನ್ನು ಅಳೆದು ಕೊಡುತ್ತಿದ್ದವರು ಬೇರೆ, ಪಾಪ ಅವಳೇನು ಮಾಡಿಯಾಳು? ಆಮೇಲೆ ಇವರಿಗೆ ಅದು ಗೊತ್ತಾಯಿತು. ತಪ್ಪಾಯಿತು ಎನ್ನುವುದು ಮೇಡಂ ಬಾಯಲ್ಲಿ ಬರುವ ಮಾತಲ್ಲ. ಮುಂದಿನ ಸಲ ಹೋದಾಗ ಮಾತಿಲ್ಲದೆ ಅವಳ ಪಕ್ಕ ಕೂತು ಸೊಪ್ಪು ಬಿಡಿಸಿ ಕೊಟ್ಟು ಬಂದರು.

ಕಾರ್ಯಕ್ರಮಗಳ ಊಟ ಅವರು ಮುಟ್ಟುತ್ತಿರಲಿಲ್ಲ. ಚೀಲದಲ್ಲಿ ಕಡಲೆಬೀಜ, ಬೆಲ್ಲ ಇರುತ್ತಿತ್ತು. ನನ್ನ ಕೈಗೂ ಒಂದು ಹಿಡಿ ಸುರಿಯುತ್ತಿದ್ದರು. ಒಂದು ದಿನ ನಾನು ಸಲಿಗೆಯಿಂದ, ಯಾರು ಕೇಳಿದ್ರು ಮೇಡಂ ಇದನ್ನ ಎಂದೆ. ಅವರ ತುಟಿಯ ಒಂದು ತುದಿ ಅಲುಗಿತು. ಅದನ್ನು ನಗು ಎಂದು ಕರೆಯುವುದಾದರೆ ನಾನು ಕಂಡ ನಗು ಅದೊಂದೇ. ಕ್ಯಾಮೆರಾ ಚೀಲದಲ್ಲಿತ್ತು.

ಈಗ ಹಗ್ಗದ ವಿಷಯಕ್ಕೆ ಬರುತ್ತೇನೆ.

ನಿಟ್ಟೂರಿನ ಆ ಮನೆ ಮೊದಲು ಕೊಬ್ಬರಿ ಗೋದಾಮಾಗಿತ್ತು. ಒಂದು ಟ್ರಸ್ಟಿನವರು ಅದನ್ನು ಕಣ್ಣು ಕಾಣದ, ನೋಡಿಕೊಳ್ಳುವವರಿಲ್ಲದ ಹೆಂಗಸರಿಗೆ ಬಿಟ್ಟುಕೊಟ್ಟಿದ್ದರು. ಉದ್ದನೆಯ ಜಗಲಿ, ಅದರ ಒಂದು ಕೊನೆಗೆ ಅಡುಗೆಮನೆ, ಇನ್ನೊಂದು ಕೊನೆಯಲ್ಲಿ ಮೆಟ್ಟಿಲಿಳಿದು ಅಂಗಳ ದಾಟಿದರೆ ಬಚ್ಚಲು. ಕೈಹಿಡಿದು ಕರೆದೊಯ್ಯಲು ಇದ್ದವಳು ಒಬ್ಬ ಆಯಾ. ಮೇಡಂ ಮೊದಲ ಸಲ ಹೋದಾಗ ಟ್ರಸ್ಟಿನ ಕಾರ್ಯದರ್ಶಿ ಟಿವಿ ಕೊಡಿಸಿ ಎಂದರು. ಹೆಂಗಸರಿಗೆ ನೀರು ತಂದಿಟ್ಟಾಗ ಯಾರೂ ಕುಡಿಯದೆ ಇದ್ದದ್ದು ಮೇಡಂ ಕಣ್ಣಿಗೆ ಬಿತ್ತು. ಯಾಕೆ ಎಂದು ಸಿದ್ದಗಂಗಮ್ಮ ಎಂಬ ಅಜ್ಜಿಯನ್ನು ಕೇಳಿದರು. ಅಲ್ಲಿದ್ದವರಲ್ಲಿ ಬಾಯಿ ಸ್ವಲ್ಪ ಜೋರಿದ್ದವಳು ಅವಳೇ.

"ಕುಡುದ್ರೆ ಹೋಗ್ಬೇಕಲ್ಲವ್ವ. ಹೋಗಕೆ ಆಯಾನ ಕೂಗ್ಬೇಕು. ಎಷ್ಟು ಸತಿ ಅಂತ ಕೂಗದು? ಒಂದು ಹಗ್ಗ ಕಟ್ಸಿಕೊಟ್ಬುಡು, ಹಿಡ್ಕೊಂಡು ನಾವೇ ಹೋಗಿ ಬತ್ತೀವಿ."

ಕೂಗುವುದಕ್ಕೆ ನಾಚಿಕೊಂಡು ಆ ಹೆಂಗಸರು ಬೇಸಿಗೆಯಲ್ಲೂ ಬಾಯಾರಿಕೊಂಡು ಇರುತ್ತಿದ್ದರು. ಅವರು ಕೇಳಿದ್ದು ತೆಂಗಿನ ನಾರಿನ ಹಗ್ಗ, ಗುಬ್ಬಿ ಪೇಟೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು. ಮೇಡಂ ಅದನ್ನು ತಂದರು. ಗೋಡೆಯುದ್ದಕ್ಕೂ ಕೈಯೆತ್ತರಕ್ಕೆ ಕೊಕ್ಕೆ ಹೊಡೆಸಿದರು, ಅಂಗಳದಲ್ಲಿ ಕಂಬ ನೆಡಿಸಿದರು. ಹಗ್ಗ ಕಟ್ಟಿದವರು, ಗಂಟು ಹಾಕಿದವರು ಆ ಹೆಂಗಸರೇ. ಅಡುಗೆಮನೆ ಬಾಗಿಲಿಗೆ ಒಂದು ಗಂಟು, ಬಚ್ಚಲಿಗೆ ಜೋಡಿಗಂಟು, ಮೆಟ್ಟಿಲು ಬರುವ ಮುಂಚೆ ಹಳೆಯ ಸೀರೆ ಸುತ್ತಿದ ದಪ್ಪ ಗಂಟು. ಅವತ್ತು ಸಂಜೆ ಸಿದ್ದಗಂಗಮ್ಮಜ್ಜಿ ಒಬ್ಬಳೇ ಹಗ್ಗ ಹಿಡಿದು ಹೋಗಿ ಬಂದಳು. ಬಂದವಳೇ ಒಂದು ಚೊಂಬು ನೀರು ತರಿಸಿಕೊಂಡು ಗಟಗಟ ಕುಡಿದಳು. ನನ್ನ ವೃತ್ತಿಯಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಯಾವುದೆಂದರೆ ಅದೇ. ಕಂಪನಿಯವರು ಅದನ್ನು ಬಳಸಲಿಲ್ಲ. ನೀರು ಕುಡಿಯುವುದರಲ್ಲಿ ಏನಿದೆ ಎಂದರು.

ಮುಂದಿನ ವರ್ಷ ಕಂಪನಿಯ ಸ್ಥಾಪನಾ ದಿನವನ್ನು ಅದೇ ಮನೆಯಲ್ಲಿ ಮಾಡುವುದೆಂದು ಮೇಲಿನವರು ತೀರ್ಮಾನಿಸಿದರು. ಮುಖ್ಯ ಕಚೇರಿಯಿಂದ ದೊಡ್ಡವರೊಬ್ಬರು ಬರುತ್ತಾರೆ. ಹಿಂದಿನ ದಿನ ಕಂಪನಿಯ ನೌಕರರು ಸ್ವಯಂಸೇವಕರಾಗಿ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬಂದು ಗೋಡೆಗೆ ಬಣ್ಣ ಹೊಡೆಯುತ್ತಾರೆ. ಅದು ಆ ಹೆಂಗಸರಿಗೆ ಗೊತ್ತಾಗಬಾರದು, ಸರ್‌ಪ್ರೈಸ್ ಅಂತೆ. ಕಣ್ಣು ಕಾಣದವರಿಗೆ ಗೋಡೆಬಣ್ಣದ ಸರ್‌ಪ್ರೈಸ್ ಕೊಡಬೇಕೆಂದು ಹೊಳೆದ ಆ ತಲೆ ಯಾವುದೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೇಡಂಗೆ ಅವತ್ತು ತುಮಕೂರಿನಲ್ಲಿ ಬೇಕೆಂದೇ ಇಡೀ ದಿನದ ಮೀಟಿಂಗು ಇಟ್ಟಿದ್ದರು. ಹೆಂಗಸರನ್ನೆಲ್ಲ ಬಸ್ಸಿನಲ್ಲಿ ಕೂರಿಸಿ ದೇವಸ್ಥಾನ ಸುತ್ತಿಸಿ, ಐಸ್‌ಕ್ರೀಂ ತಿನ್ನಿಸಿ, ಕತ್ತಲಾದ ಮೇಲೆ ಕರೆತಂದು ಕೈಹಿಡಿದು ಅವರವರ ಕೋಣೆಗೆ ಬಿಟ್ಟರು. ಅಷ್ಟರಲ್ಲಿ ಇಲ್ಲಿ ಹಗ್ಗ ಬಿಚ್ಚಿ, ಕೊಕ್ಕೆ ಕಿತ್ತು, ಗೋಡೆಗೆಲ್ಲ ಕಂಪನಿಯ ನೀಲಿ ಬಣ್ಣ ಬಳಿದಾಗಿತ್ತು. ಎಣ್ಣೆ ಬಣ್ಣ, ರಾತ್ರಿ ಕಳೆದರೂ ಆರಿರಲಿಲ್ಲ.

ಬೆಳಿಗ್ಗೆ ನಾನು ಕ್ಯಾಮೆರಾ ಹಿಡಿದು ಹೋದಾಗ ಗೋಡೆಯ ತುಂಬ ಕೈಗುರುತುಗಳಿದ್ದವು. ನಸುಕಿನಲ್ಲಿ ಎದ್ದ ಹೆಂಗಸರು ಹಗ್ಗಕ್ಕೆ ಕೈ ಚಾಚಿದ್ದಾರೆ, ಹಗ್ಗ ಇಲ್ಲ. ಕೊಕ್ಕೆಗಾಗಿ ತಡಕಿದ್ದಾರೆ, ಅದೂ ಇಲ್ಲ. ಹಸಿ ಬಣ್ಣವನ್ನೇ ಸವರಿಕೊಂಡು, ಮೇಲೆ ಕೆಳಗೆ ಹುಡುಕಿಕೊಂಡು ಮುಂದೆ ಹೋಗಿದ್ದಾರೆ. ಬಾಗಿಲಿಂದ ಬಾಗಿಲಿಗೆ ಅಂಗೈ, ಬೆರಳು, ಜಾರಿದ ಗೆರೆ. ಆ ಗೆರೆಗಳು ಮೆಟ್ಟಿಲ ಹತ್ತಿರ ನಿಂತುಬಿಟ್ಟಿದ್ದವು. ಸೀರೆ ಸುತ್ತಿದ ಗಂಟು ಇನ್ನೂ ಸಿಕ್ಕಿಲ್ಲವಲ್ಲ, ಮೆಟ್ಟಿಲು ಬಂದಿಲ್ಲ ಎಂದುಕೊಂಡು ಸಿದ್ದಗಂಗಮ್ಮಜ್ಜಿ ಕಾಲಿಟ್ಟು ಕೆಳಗೆ ಬಿದ್ದಿದ್ದಳು. ಮುಂಗೈ ಮುರಿದು ಊದಿಕೊಂಡಿತ್ತು. ಅವಳನ್ನು ಒಳಕೋಣೆಯಲ್ಲಿ ಮಲಗಿಸಿ ಕೈಗೆ ಟವೆಲ್ಲು ಸುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಆಸ್ಪತ್ರೆಗೆ ಕಳಿಸೋಣ, ಈಗ ಗಾಡಿಗಳೆಲ್ಲ ಅತಿಥಿಗಳನ್ನು ಕರೆತರೋಕೆ ಹೋಗಿವೆ ಎಂದು ಕಾರ್ಯದರ್ಶಿ ನನಗೆ ಸಮಾಧಾನ ಹೇಳಿದರು. ಜಗಲಿಯಲ್ಲಿ ಸ್ವಯಂಸೇವಕರು ಕೈಗುರುತುಗಳ ಮೇಲೆ ಮತ್ತೆ ರೋಲರ್ ಎಳೆಯುತ್ತಿದ್ದರು. ಅವರಲ್ಲಿ ಒಬ್ಬ, ಇವರು ಗೋಡೆಯನ್ನೆಲ್ಲ ಹಾಳು ಮಾಡಿಬಿಟ್ಟರು ಎಂದು ಗೊಣಗುತ್ತಿದ್ದ. ಅವನ ಕೆನ್ನೆಗೆ ಬಿಗಿಯಬೇಕು ಅನ್ನಿಸಿತು. ಬಿಗಿಯಲಿಲ್ಲ, ಇವತ್ತಿಗೂ ಕೈ ತುರಿಸುತ್ತದೆ.

ಅತಿಥಿಯ ಕಾರು ಮತ್ತು ಮೇಡಂ ಹೆಚ್ಚುಕಡಿಮೆ ಒಟ್ಟಿಗೇ ಬಂದರು. ಅತಿಥಿ ಮುಂದಿನಿಂದ, ಮೇಡಂ ಹಿತ್ತಲಿನಿಂದ. ಹಿತ್ತಲಲ್ಲಿ ಕಸದ ಜೊತೆ ಹಗ್ಗ ಸುಟ್ಟ ಬೂದಿ ಕಂಡಿದ್ದರು. ಒಳಕೋಣೆಯಲ್ಲಿ ಅಜ್ಜಿಯನ್ನು ಕಂಡರು. ನನ್ನನ್ನು, ಆಯಾಳನ್ನು ಕರೆದು ಅಜ್ಜಿಯನ್ನು ಎತ್ತಿಸಿದರು. ಹಾರ ಹಿಡಿದು ನಿಂತವರ ನಡುವೆಯೇ ದಾಟಿ, ಅತಿಥಿ ಇಳಿದ ಕಾರಿನ ಬಾಗಿಲು ಮುಚ್ಚುವ ಮೊದಲೇ ಅಜ್ಜಿಯನ್ನು ಅದರೊಳಗೆ ಕೂರಿಸಿ, ಗುಬ್ಬಿ ಆಸ್ಪತ್ರೆಗೆ ಹೊಡಿ ಎಂದು ಡ್ರೈವರ್‌ಗೆ ಹೇಳಿದರು. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಬೇರೆ ದಾರಿಯಿಲ್ಲದೆ ತಲೆಯಾಡಿಸಿದರು. ಆಯಾ ಜೊತೆಗೆ ಹೋದಳು.

ಆಮೇಲೆ ಮೇಡಂ ಜಗಲಿಗೆ ಬಂದು, ಇನ್ನೂ ಅಳಿಸದೆ ಉಳಿದಿದ್ದ ಕೈಗುರುತುಗಳಿಗೆ ಬೆನ್ನು ಕೊಟ್ಟು ಹಸಿ ಗೋಡೆಗೆ ಒರಗಿ ನಿಂತರು. ರೋಲರ್ ಹಿಡಿದವನು ಅಲ್ಲೇ ನಿಂತ.

"ಯಾರು ಕೇಳಿದ್ರು ಇದನ್ನ?"

ಮ್ಯಾನೇಜರು ನನ್ನ ಕಡೆ ಕೈ ತೋರಿಸಿ, ಹಗ್ಗ ಗಲೀಜಾಗಿತ್ತು ಮೇಡಂ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ ಎಂದರು. ಫೋಟೋ ಅಂದರೆ ನಾನು! ಮೇಡಂ ನನ್ನ ಕಡೆ ತಿರುಗಿದರು.

"ನೀವ್ ಕೇಳಿದ್ರೇನ್ರೀ?"

"ಇಲ್ಲ ಮೇಡಂ."

"ಹಂಗಾದ್ರೆ ಈಗ ತೆಗೀರಿ. ಗೋಡೆ ಪೂರ್ತಿ ಬರ್ಬೇಕು."

ನಾನು ತೆಗೆದೆ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಸುತ್ತ ಆ ಕೈಗುರುತುಗಳನ್ನು ಇಟ್ಟುಕೊಂಡು ಅವರು ನಿಂತಿದ್ದರು. ಅವರು ಸರಿಯದೆ ನಿಂತ ಒಂದೇ ಫೋಟೋ ಅದು. ಕಾರ್ಯಕ್ರಮ ನಿಲ್ಲಲಿಲ್ಲ, ಅಂಥವು ನಿಲ್ಲುವುದಿಲ್ಲ. ಶಾಮಿಯಾನದ ಕೆಳಗೆ ಸಾಹೇಬರು ಮಹಿಳೆಯರ ಸ್ವಾವಲಂಬನೆಯ ಬಗ್ಗೆ ಮಾತಾಡುತ್ತಿದ್ದಾಗ ಮೇಡಂ ನಿಟ್ಟೂರು ಬೀದಿಯಲ್ಲಿ ಹಗ್ಗ ಹುಡುಕಿ ತಂದರು. ಹೊಸ ಬಣ್ಣದ ಮೇಲೆಯೇ ಕೊಕ್ಕೆ ಹೊಡೆಸಿದರು. ಸಾಹೇಬರ ಭಾಷಣದ ನಡುವೆ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಆ ಹೆಂಗಸರು ನೀಲಿ ಕೈಗಳಲ್ಲಿ ಮತ್ತೆ ಗಂಟು ಹಾಕಿದರು.

ಮೇಡಂಗೆ ಏನಾಯಿತು ಎಂದರೆ, ಆಗುವುದೇ ಆಯಿತು. ಉಗ್ರಾಣದ ಮೂಲೆಯಲ್ಲಿ ಒಂದು ಮೇಜು ಕೊಟ್ಟು ಕೂರಿಸಿದರು. ಸ್ವಲ್ಪ ದಿನ ಕೂತು ರಾಜೀನಾಮೆ ಕೊಟ್ಟು ಎದ್ದು ಬಂದರು. ತುಮಕೂರಿನ ಬಾಡಿಗೆ ಮನೆಯಿಂದ ಪ್ಯಾಸೆಂಜರ್ ರೈಲಿನಲ್ಲಿ ನಿಟ್ಟೂರಿಗೆ ಬಂದು ಹೋಗಿ ಮಾಡುತ್ತಿದ್ದರು. ಹಗ್ಗ ಸವೆದ ಕಡೆ ಬದಲಿಸುತ್ತಿದ್ದರು. ಕಾಯಿಲೆ ಬಿದ್ದದ್ದನ್ನು ಯಾರಿಗೂ ಹೇಳಲಿಲ್ಲ. ಹೇಗೋ ಗೊತ್ತಾಗಿ ಆಸ್ಪತ್ರೆಗೆ ನೋಡಲು ಹೋದಾಗ ನನ್ನ ಕೈಲಿದ್ದ ಹಣ್ಣಿನ ಚೀಲ ನೋಡಿ, ಯಾರು ಕೇಳಿದ್ರು ಎಂದರು. ಧ್ವನಿ ಏಳುತ್ತಿರಲಿಲ್ಲ, ಸಿಟ್ಟು ಮಾತ್ರ ಹಾಗೇ ಇತ್ತು. ಏನು ಬೇಕು ಮೇಡಂ ಎಂದೆ. ನಿಟ್ಟೂರಿಗೆ ಹೋಗಿ ಹಗ್ಗ ನೋಡ್ಕೊಂಡು ಬನ್ನಿ ಎಂದರು.

ಬದುಕಿದ್ದಾಗ ಮೂಲೆಗೆ ಕೂರಿಸಿದವರು ಸತ್ತ ಮೇಲೆ ಹೆಸರು ಹೊತ್ತು ತಿರುಗುತ್ತಿದ್ದಾರೆ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂಬ ಗಾದೆಯಿದೆ. ಈ ಕಂಪನಿಯವರು ಎರಡನ್ನೂ ಒಂದೇ ಖರ್ಚಿನಲ್ಲಿ ಮುಗಿಸುತ್ತಾರೆ.

ಆ ಫೋನು ಬಂದ ಮೇಲೆ ನಾನು ಎರಡು ಕೆಲಸ ಮಾಡಿದೆ. ನನ್ನಲ್ಲಿದ್ದ ಒಂದೇ ಫೋಟೋವನ್ನು, ನಗು ಇಲ್ಲ, ಇರುವುದು ಇದೇ ಎಂದು ಬರೆದು ಕಳಿಸಿದೆ. ಆಮೇಲೆ ನಿಟ್ಟೂರಿಗೆ ಹೋಗಿ ಸಿದ್ದಗಂಗಮ್ಮಜ್ಜಿಗೆ, ಮತ್ತೆ ಬಣ್ಣದವರು ಬರುತ್ತಾರೆ ಎಂದು ಹೇಳಿದೆ. ಅವಳ ಮುಂಗೈ ಸೊಟ್ಟಗೇ ಕೂಡಿಕೊಂಡಿದೆ, ಚಳಿಯಲ್ಲಿ ನೋಯುತ್ತದಂತೆ. ಬರ್ಲಿ ಬುಡಪ್ಪ ಎಂದಳು.

ಬಣ್ಣದ ದಿನ ನಾನೂ ಹೋದೆ. ಈ ಸಲವೂ ಬಸ್ಸು ತಂದಿದ್ದರು. ಹೆಂಗಸರು ಯಾರೂ ಹತ್ತಲಿಲ್ಲ. ಅಡುಗೆಮನೆಯಿಂದ ಮೆಟ್ಟಿಲವರೆಗೆ ಗೋಡೆಯುದ್ದಕ್ಕೂ ಸಾಲಾಗಿ ಹಗ್ಗ ಹಿಡಿದು ನಿಂತುಬಿಟ್ಟಿದ್ದರು. ಟೀ ಶರ್ಟಿನವರು ಬಕೆಟ್ಟು ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಫೋನು ಮಾಡಿದ ಹುಡುಗಿಯೂ ಅಲ್ಲಿದ್ದಳು. ಸ್ವಲ್ಪ ಈಚೆ ಬನ್ನಿ ಅಜ್ಜಿ, ಮೇಡಂ ನೆನಪಿಗೆ ಅಲ್ವಾ ಎಂದು ಮೆತ್ತಗೆ ಕೇಳಿದಳು.

"ಯಾರು ಕೇಳಿದ್ರವ್ವ ಇದನ್ನ?" ಎಂದಳು ಸಿದ್ದಗಂಗಮ್ಮಜ್ಜಿ.

ಹುಡುಗಿ ಹಗ್ಗವನ್ನು ನೋಡಿದಳು, ಅಜ್ಜಿಯ ಸೊಟ್ಟ ಕೈ ನೋಡಿದಳು, ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಿದೆ. ಕೊನೆಗೆ ಅವಳೇ ಯಾರಿಗೋ ಫೋನು ಮಾಡಿ ಸ್ವಲ್ಪ ಹೊತ್ತು ಜಗಳವಾಡಿದಳು. ಹಗ್ಗ ಮುಟ್ಟದೆ ಅದರ ಮೇಲ್ಭಾಗಕ್ಕೆ, ಕೆಳಭಾಗಕ್ಕೆ ಮಾತ್ರ ಬಣ್ಣ ಹೊಡೆದರು. ಹೆಂಗಸರು ಕೊನೆಯ ಬಕೆಟ್ಟು ಖಾಲಿಯಾಗುವವರೆಗೂ ಹಗ್ಗ ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ಜಗಲಿಯ ಗೋಡೆಗೆ, ಹಗ್ಗದಿಂದ ಮೇಲಕ್ಕೆ ಮೇಡಂ ಫೋಟೋ ತೂಗುಹಾಕಿದರು. ನನ್ನದೇ ಫೋಟೋ. ಹಿಂದಿದ್ದ ಗೋಡೆಯನ್ನು, ಕೈಗುರುತುಗಳನ್ನು ಅಳಿಸಿ ಹಸಿರು ಮರಗಿಡ ಇಟ್ಟಿದ್ದರು. ಗಂಟಿಕ್ಕಿದ ಹುಬ್ಬು ಬಿಡಿಸಿದ್ದರು. ಬಿಗಿದ ತುಟಿಯನ್ನು ಕಂಪ್ಯೂಟರಿನಲ್ಲಿ ಅಗಲಿಸಿ ನಗಿಸಿದ್ದರು. ಹಲ್ಲು ಕೂಡ ಕಾಣುತ್ತಿತ್ತು. ಆ ಹಲ್ಲು ಯಾರದ್ದೋ! ಆ ಫ್ರೇಮನ್ನು ಕಿತ್ತು ನೆಲಕ್ಕೆ ಬಡಿಯಬೇಕೆಂದು ನನ್ನ ಕೈ ಅದರವರೆಗೂ ಹೋಯಿತು.

ಅಷ್ಟರಲ್ಲಿ ಸಿದ್ದಗಂಗಮ್ಮಜ್ಜಿ ಪಕ್ಕಕ್ಕೆ ಬಂದು ನಿಂತಳು. ಕೈ ಎತ್ತಿ ಫ್ರೇಮಿನ ಅಂಚನ್ನು, ಗಾಜನ್ನು ಸವರಿದಳು.

"ಮೇಡಮ್ಮಾರು ಹೆಂಗವ್ರಪ್ಪ ಇದ್ರಾಗೆ?"

ನಾನು ಇನ್ನೊಂದು ಸಲ ಆ ಫೋಟೋ ನೋಡಿದೆ.

"ಸಿಟ್ಟಲ್ಲವ್ರೆ ಕಣಜ್ಜಿ" ಎಂದೆ.

"ಹಂಗಾದ್ರೆ ಅವ್ರೇ ಬುಡು" ಎಂದಳು. ಆಯಾ ತಂದುಕೊಟ್ಟ ಚೊಂಬಿನ ನೀರನ್ನು ಅಲ್ಲೇ ನಿಂತು ಪೂರ್ತಿ ಕುಡಿದು, ಹಗ್ಗ ಹಿಡಿದು ಬಚ್ಚಲ ಕಡೆ ಹೋದಳು. ಯಾರನ್ನೂ ಕೂಗಲಿಲ್ಲ.